ಡಬ್ಬಿಯ ಮುಚ್ಚಳ

ನಮ್ಮ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಒಂದು ತಗಡಿನ ಮುಚ್ಚಳವಿದೆ. ಡಬ್ಬಿ ಸ್ಟೀಲಿನದು, ಹೊಸದು. ಮುಚ್ಚಳ ಮಾತ್ರ ಹಳೆಯದು. ಅಗಲ ಊಟದ ತಾಟಿನಷ್ಟು, ಅಂಚಿಗೆಲ್ಲ ತುಕ್ಕಿನ ಕಲೆ. ಕಳೆದ ಬೇಸಿಗೆ ಸೂಟಿಗೆ ಬಂದ ಮೊಮ್ಮಗಳು ಅದನ್ನು ಎತ್ತಿ ನೋಡಿ, “ಅಜ್ಜಾ, ಇದು ಈ ಡಬ್ಬಿಗೆ ಸರಿಯಾಗಿ ಕೂರೋದೇ ಇಲ್ವಲ್ಲ, ಯಾವುದರ ಮುಚ್ಚಳ ಇದು?” ಎಂದು ಕೇಳಿದಳು.

“ಅದು ಸಿನಿಮಾದ ಮುಚ್ಚಳವ್ವಾ” ಅಂದೆ.

“ಮತ್ತೆ ಸಿನಿಮಾ ಎಲ್ಲಿ?”

ಅರವತ್ತು ವರ್ಷದಿಂದ ನಾನು ಯಾರಿಗೂ ಸರಿಯಾಗಿ ಉತ್ತರ ಕೊಡದೆ ತಪ್ಪಿಸಿಕೊಂಡು ಬಂದ ಪ್ರಶ್ನೆ ಅದು. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ.

ನಮ್ಮಜ್ಜ ಶಿರಹಟ್ಟಿಯವರು. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನಕ್ಕೆ ಸೇರಿದ ಊರು. ನಮ್ಮ ಭಾಗದಲ್ಲಿ ನಾಟಕದ ಹುಚ್ಚು ಬಹಳ ಹಳೆಯದು. ಶಾಂತಕವಿಗಳು ಗದಗಿನಲ್ಲಿ ನಾಟಕ ಮಂಡಳಿ ಕಟ್ಟಿದ್ದರು. ಆಮೇಲೆ ಶಿರಹಟ್ಟಿಯ ವೆಂಕೋಬರಾಯರ ಕಂಪನಿ, ಗದಗಿನ ಗರುಡ ಸದಾಶಿವರಾಯರ ಕಂಪನಿ ಊರೂರು ಹೆಸರಾದವು. ಅಜ್ಜ ಇಂಥ ಕಂಪನಿಗಳ ತಾಲೀಮು ನಡೆಯುವಲ್ಲಿ ಬಾಗಿಲ ಹೊರಗೆ ಕೂತು ಕೂತೇ ಹಾರ್ಮೋನಿಯಂ ಕಲಿತವರು. ದೊಡ್ಡ ಕಂಪನಿಯಲ್ಲಿ ಜಾಗ ಸಿಗಲಿಲ್ಲ. ಸಿಕ್ಕಿದ್ದು ಗದಗಿನ ಜಾತ್ರೆಯಲ್ಲಿ ಹಾಕಿದ ಒಂದು ಸಿನಿಮಾ ತಂಬುವಿನಲ್ಲಿ.

ಮಕ್ಕಳೇ, ಆಗಿನ ಸಿನಿಮಾಕ್ಕೆ ಮಾತಿರಲಿಲ್ಲ. ಚಿತ್ರ ಓಡುತ್ತಿತ್ತು, ಬಾಯಿ ಆಡುತ್ತಿತ್ತು, ದನಿ ಮಾತ್ರ ಇಲ್ಲ. ಫ್ರಾನ್ಸಿನ ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ 1895ರ ಡಿಸೆಂಬರ್ 28ರಂದು ಟಿಕೀಟು ಇಟ್ಟು ಚಲಿಸುವ ಚಿತ್ರ ತೋರಿಸಿದರು. ಆರು ತಿಂಗಳು ಕಳೆಯುತ್ತಲೇ, 1896ರ ಜುಲೈ 7ರಂದು, ಅದು ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂತು. ಅಲ್ಲಿಂದ ಹದಿನೇಳು ವರ್ಷಕ್ಕೆ, 1913ರ ಮೇ 3ರಂದು, ದಾದಾಸಾಹೇಬ ಫಾಳ್ಕೆಯವರ ‘ರಾಜಾ ಹರಿಶ್ಚಂದ್ರ’ ಮುಂಬಯಿಯ ಕಾರೊನೇಷನ್ ಥಿಯೇಟರಿನಲ್ಲಿ ತೆರೆಕಂಡಿತು. ಅದರಲ್ಲಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಒಪ್ಪದೆ, ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದರು. ಫಾಳ್ಕೆಯವರ ಹೆಂಡತಿ ಸರಸ್ವತಿಬಾಯಿ ಇಡೀ ತಂಡಕ್ಕೆ ಅಡುಗೆಯನ್ನೂ ಮಾಡುತ್ತಿದ್ದರು, ಫಿಲಂ ತೊಳೆಯುವ ಕೆಲಸವನ್ನೂ ಮಾಡುತ್ತಿದ್ದರು.

ಇಂಥ ಮೂಕಿ ಚಿತ್ರಗಳು ಜಾತ್ರೆಗಳಿಗೆ ಬರುತ್ತಿದ್ದವು. ಪರದೆಯ ಪಕ್ಕದಲ್ಲಿ ಹಾರ್ಮೋನಿಯಂನವರು, ತಬಲಾದವರು. ನಡುನಡುವೆ ಪರದೆಯ ಮೇಲೆ ಅಕ್ಷರ ಬಂದರೆ ಅದನ್ನು ಓದಿ ಹೇಳಲು ಒಬ್ಬ ಗಟ್ಟಿ ದನಿಯ ಆಳು. ಏಕೆಂದರೆ ಓದು ಬಲ್ಲವರು ಜನರಲ್ಲಿ ಕಡಿಮೆ, ಅಕ್ಷರಗಳೂ ಕನ್ನಡದವಲ್ಲ. ಬೆಟಗೇರಿಯ ನೇಕಾರರು ಮಗ್ಗ ಇಳಿದು ಮನೆಮಂದಿಯೊಂದಿಗೆ ಬಂದು ನೆಲದ ಮೇಲೆ ಕೂರುತ್ತಿದ್ದರಂತೆ. ಅಜ್ಜ ಹೇಳುತ್ತಿದ್ದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ: “ಕಣ್ಣು ಪರದೆ ಮ್ಯಾಲ, ಬಟ್ಟು ಮನಿ ಮ್ಯಾಲ. ಹನುಮಂತ ಜಿಗದಾಂದ್ರ ನನ್ನ ಬಟ್ಟೂ ಜಿಗೀಬೇಕು. ಒಂದು ಗಳಿಗಿ ತಡಾ ಆತಂದ್ರ ಮಂದಿ ನಗತಾರ.”

1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ಬಂತು. ಸಿನಿಮಾ ಮಾತಾಡಲು, ಹಾಡಲು ಕಲಿಯಿತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ‘ಸತಿ ಸುಲೋಚನಾ’ ಬಿಡುಗಡೆಯಾಗಿ ಕನ್ನಡವೂ ಪರದೆಯ ಮೇಲೆ ಮಾತಾಡಿತು. ಎಲ್ಲರಿಗೂ ಸಂತೋಷ. ಅಜ್ಜನಿಗೆ ಮಾತ್ರ ಕೆಲಸ ಹೋಯಿತು. ಪೆಟ್ಟಿಗೆಯೇ ಹಾಡುವಾಗ ಪೇಟಿಯವರು ಯಾರಿಗೆ ಬೇಕು? ತಂಬು ಕಿತ್ತುವಾಗ ಮಾಲೀಕ ಮೂರು ತಿಂಗಳ ಪಗಾರ ಕೊಡುವ ಬದಲು ಒಂದು ಹಳೆಯ ಫಿಲಂ ಡಬ್ಬಿ ಕೊಟ್ಟು ಕೈಮುಗಿದನಂತೆ. ಅಜ್ಜ ಅದನ್ನು ಹೊತ್ತು ಬೆಟಗೇರಿಯ ಮನೆಗೆ ತಂದರು, ಅಟ್ಟದ ಮೇಲೆ ಇಟ್ಟರು. ಅಜ್ಜಿ ಸಾಯುವವರೆಗೂ ಅದನ್ನು ‘ನಿಮ್ಮ ಮೂರು ತಿಂಗಳ ಪಗಾರ’ ಎಂದೇ ಕರೆಯುತ್ತಿದ್ದಳು.

ಮೂವತ್ತು ವರ್ಷ ಆ ಡಬ್ಬಿ ಅಟ್ಟದ ಮೇಲೆಯೇ ಇತ್ತು. ಅದನ್ನು ಕೆಳಗಿಳಿಸಿದವನು ನಾನು.

ಆಗ ನನಗೆ ಹತ್ತು ವರ್ಷ. ನಮ್ಮ ಓಣಿಯ ಹುಡುಗರಿಗೆ ಒಂದು ಆಟವಿತ್ತು. ನಿಮ್ಮ ಅಜ್ಜಂದಿರನ್ನು ಕೇಳಿ ನೋಡಿ, ಅವರೂ ಆಡಿರುತ್ತಾರೆ. ಕೆಟ್ಟುಹೋದ ಬಲ್ಬಿನ ಹಿಂಭಾಗ ಒಡೆದು, ಒಳಗಿನ ತಂತಿ ತೆಗೆದು, ಅದಕ್ಕೆ ನೀರು ತುಂಬುವುದು. ಅದೇ ನಮ್ಮ ಮಸೂರ. ಕತ್ತಲೆ ಕೋಣೆಯ ಬಾಗಿಲ ಸಂದಿಯಿಂದ ಕನ್ನಡಿ ಹಿಡಿದು ಬಿಸಿಲು ಒಳಗೆ ಬಿಡುವುದು. ಬಿಸಿಲಿಗೆ ಅಡ್ಡವಾಗಿ, ಟಾಕೀಸಿನ ಹಿಂದೆ ಆಯ್ದು ತಂದ ಫಿಲಂ ತುಂಡನ್ನು ತಲೆಕೆಳಗಾಗಿ ಹಿಡಿದರೆ, ಸುಣ್ಣದ ಗೋಡೆಯ ಮೇಲೆ ಹೀರೋ ನೆಟ್ಟಗೆ ನಿಲ್ಲುತ್ತಿದ್ದ. ನನ್ನ ಹತ್ತಿರ ತುಂಡು ಇರಲಿಲ್ಲ. ಆದರೆ ಮನೆಯಲ್ಲಿ ಡಬ್ಬಿಯೇ ಇತ್ತಲ್ಲ!

ಒಂದು ರವಿವಾರ ಅಜ್ಜ ಗದಗಿನ ಸಂತೆಗೆ ಹೋದಾಗ ಡಬ್ಬಿ ಇಳಿಸಿದೆ. ತೆಗೆದ ಕೂಡಲೇ ಒಂಥರಾ ಹುಳಿವಾಸನೆ ಮೂಗಿಗೆ ಬಡಿಯಿತು. ಸುರುಳಿಯ ಹೊರಗಿನ ಸುತ್ತುಗಳು ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿದ್ದವು. ಒಳಗಿನವು ಚೆನ್ನಾಗಿದ್ದವು. ಹಿತ್ತಲಿನ ಖಾಲಿ ಕೋಣೆಯಲ್ಲಿ ಆಟಕ್ಕೆ ಸಿದ್ಧ ಮಾಡಿದೆ. ಟಿಕೀಟಿಗೆ ಐದು ಹುಣಸೆಬೀಜ. ಬೀಜ ಹಾಕಲು ಡಬ್ಬಿಯ ಮುಚ್ಚಳವನ್ನು ಬಾಗಿಲ ಹೊರಗೆ ಇಟ್ಟೆ. ಎಂಟು ಹುಡುಗರು ಬಂದರು. ಗೋಡೆಯ ಮೇಲೆ ಮೊದಲು ಒಂದು ಕೋಟೆ ಬಾಗಿಲು, ಆಮೇಲೆ ಎತ್ತಿನ ಬಂಡಿ, ಆಮೇಲೆ ಪೇಟ ಸುತ್ತಿದ ಒಬ್ಬ ಮನುಷ್ಯ ಕೈಯೆತ್ತಿ ಯಾರನ್ನೋ ಕರೆಯುತ್ತಿರುವುದು ಕಾಣಿಸಿತು. ಎಲ್ಲರೂ “ಹೋ” ಎಂದರು. ನಾನು ಹಿಗ್ಗಿ ಹೋಗಿ ಕೈಯನ್ನು ಅಲ್ಲೇ ನಿಲ್ಲಿಸಿದೆ, ಇನ್ನಷ್ಟು ನೋಡಲಿ ಎಂದು.

ಅಷ್ಟೇ. ಆ ಮನುಷ್ಯನ ಎದೆಯ ಮೇಲೆ ಒಂದು ಕಂದು ಚುಕ್ಕೆ ಮೂಡಿತು, ದೊಡ್ಡದಾಯಿತು, ‘ಭಗ್’ ಎಂದು ಹೊತ್ತಿಕೊಂಡಿತು. ಬೆಂಕಿ ಪಟ್ಟಿಯ ಗುಂಟ ಹಾವಿನ ಹಾಗೆ ಓಡಿ ಡಬ್ಬಿಯೊಳಕ್ಕೆ ಇಳಿಯಿತು. ಎಲ್ಲರೂ ಚೀರುತ್ತ ಹೊರಗೆ ಬಿದ್ದೆವು. ಅವ್ವ ಓಡಿಬಂದು ಕೊಡಪಾನದ ನೀರನ್ನೇ ಸುರಿದಳು. ಬೆಂಕಿ ಆರಲಿಲ್ಲ. ಹಳದಿ ಹೊಗೆ ಕಾರುತ್ತ, ತನ್ನಷ್ಟಕ್ಕೆ ತಾನು ಉರಿದು ಮುಗಿಯಿತು. ನನ್ನ ಎರಡು ಬೆರಳು ಸುಟ್ಟದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಉಳಿದದ್ದು ಹೊರಗಿದ್ದ ಮುಚ್ಚಳ ಮತ್ತು ನಲವತ್ತು ಹುಣಸೆಬೀಜ.

ಸಂಜೆ ಅಜ್ಜ ಬಂದರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಅವರು ಮೊದಲು ನನ್ನ ಬೆರಳು ನೋಡಿದರು, ಕೊಬ್ಬರಿ ಎಣ್ಣೆ ಹಚ್ಚಿದರು. ಆಮೇಲೆ ಮುಚ್ಚಳವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಪಡಸಾಲೆಯಲ್ಲಿ ಕೂತರು. “ಹೋಗ್ಲಿ ಬಿಡಪಾ” ಅಂದರು. “ಆದ್ರ ನಾ ಇಂಥಾ ಚಿತ್ರಕ್ಕ ಪೇಟಿ ಬಾರಸ್ತಿದ್ದೆ ಅಂದ್ರ ಇನ್ನ ಯಾರೂ ನಂಬೂದಿಲ್ಲ ನೋಡು.”

ಆ ಚಿತ್ರದ ಹೆಸರು ಕೇಳಲು ನನಗೆ ಧೈರ್ಯ ಬರಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಂಡೆ. ಎರಡು ವರ್ಷಕ್ಕೆ ಅಜ್ಜ ತೀರಿಕೊಂಡರು. ಮುಚ್ಚಳವನ್ನು ಅವ್ವ ಹಿಟ್ಟಿನ ಡಬ್ಬಿಗೆ ಹಾಕಿದಳು.

ನೀರು ಸುರಿದರೂ ಅದು ಏಕೆ ಆರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗಿನ ಫಿಲಂ ಪಟ್ಟಿಯನ್ನು ಸೆಲ್ಯುಲೋಸ್ ನೈಟ್ರೇಟ್ ಎಂಬ ವಸ್ತುವಿನಿಂದ ಮಾಡುತ್ತಿದ್ದರು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಹೀಗಾಗಿ ನೀರಿನಲ್ಲಿ ಮುಳುಗಿಸಿದರೂ ಅದು ಉರಿಯುತ್ತದೆ. ಬೆಂಕಿ ತಾಕದಿದ್ದರೂ, ಸೆಕೆಯಲ್ಲಿ ಇಟ್ಟರೆ ತಾನಾಗಿಯೇ ಕೊಳೆಯುತ್ತದೆ. ಮೊದಲು ವಾಸನೆ, ಆಮೇಲೆ ಅಂಟು, ಕೊನೆಗೆ ಕಂದು ಪುಡಿ. 1950ರ ದಶಕದ ಆರಂಭದವರೆಗೂ ಜಗತ್ತಿನ ಸಿನಿಮಾಗಳು ಹೆಚ್ಚಾಗಿ ಇಂಥ ಪಟ್ಟಿಯ ಮೇಲೆಯೇ ಇದ್ದವು. ಸುರಕ್ಷಿತವಾದ ಫಿಲಂ ಆಮೇಲೆ ಬಳಕೆಗೆ ಬಂತು.

ಆದರೆ ಬೆಂಕಿಗಿಂತ ಹೆಚ್ಚು ಚಿತ್ರಗಳನ್ನು ಹಾಳುಮಾಡಿದವರು ಮನುಷ್ಯರೇ. ಫಿಲಂನಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಹಳೆಯ ಚಿತ್ರಕ್ಕೆ ಜನ ಬರದಿದ್ದಾಗ ತೂಕದ ಲೆಕ್ಕದಲ್ಲಿ ಮಾರಿ, ಬೆಳ್ಳಿ ತೆಗೆದು, ಉಳಿದ ಪಟ್ಟಿಯಿಂದ ಬಳೆ ಮಾಡಿದರು. ‘ಆಲಂ ಆರಾ’ದ ಒಂದು ಪ್ರತಿಯೂ ಇಂದು ಇಲ್ಲ. ನಮ್ಮ ‘ಸತಿ ಸುಲೋಚನಾ’ದ ಪ್ರತಿಯೂ ಸಿಕ್ಕಿಲ್ಲ. ವೈ. ವಿ. ರಾವ್ ನಿರ್ದೇಶಿಸಿದ, ಕೊಲ್ಹಾಪುರದಲ್ಲಿ ತೆಗೆದ ಆ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಕನ್ನಡದ ಮೊದಲ ಮಾತು ಪರದೆಯ ಮೇಲೆ ಹೇಗೆ ಕೇಳಿಸಿತು ಎಂದು ನಾವು ಕೇಳುವಂತಿಲ್ಲ. ಭಾರತದಲ್ಲಿ ತಯಾರಾದ ಮೂಕಿ ಚಿತ್ರಗಳು ಸಾವಿರಕ್ಕೂ ಹೆಚ್ಚು. ಪೂರ್ತಿಯಾಗಿಯೋ ತುಂಡಾಗಿಯೋ ಉಳಿದವು ಕೆಲವೇ ಕೆಲವು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಚಂದ್ರಲೋಕಕ್ಕೆ ಹೋಗುವ ಚಿತ್ರವನ್ನು 1902ರಲ್ಲೇ ಮಾಡಿದ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಅವರ ಫಿಲಂಗಳನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಕರಗಿಸಿ ಸೈನಿಕರ ಬೂಟಿನ ಹಿಮ್ಮಡಿ ಮಾಡಿದರಂತೆ. ಸಾಲದ್ದಕ್ಕೆ 1923ರಲ್ಲಿ ಮೆಲಿಯೆಸ್ ತಮ್ಮ ಕೈಯಾರೆ ಉಳಿದವನ್ನು ಸುಟ್ಟರು. ಒಳ್ಳೆಯ ಸುದ್ದಿಯೂ ಇದೆ. ಕೆನಡಾದ ಡಾಸನ್ ಎಂಬ ಚಳಿಯ ಊರಿನಲ್ಲಿ 1978ರಲ್ಲಿ ನೆಲ ಅಗೆಯುವಾಗ ಐನೂರಕ್ಕೂ ಹೆಚ್ಚು ಸುರುಳಿಗಳು ಸಿಕ್ಕವು. ಹಳೆಯ ಈಜುಕೊಳವನ್ನು ಮುಚ್ಚುವಾಗ ಮಣ್ಣಿನ ಜೊತೆ ಅವನ್ನೂ ತುಂಬಿದ್ದರು. ಹಿಮದ ತಂಪು ಅವನ್ನು ಕಾಪಾಡಿತ್ತು. ನಮ್ಮ ಬೆಟಗೇರಿಯ ಅಟ್ಟಕ್ಕೆ ಎಲ್ಲಿಯ ಹಿಮ!

2013ರಲ್ಲಿ ಭಾರತದ ಸಿನಿಮಾಕ್ಕೆ ನೂರು ವರ್ಷವಾದಾಗ ಪತ್ರಿಕೆಗಳಲ್ಲಿ ಪಿ. ಕೆ. ನಾಯರ್ ಎಂಬವರ ಬಗ್ಗೆ ಓದಿದೆ. ಕೇರಳದವರು. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು, 1991ರಲ್ಲಿ ನಿವೃತ್ತರಾದರು. ಊರೂರು ಅಲೆದು, ಮನೆಮನೆ ಬಾಗಿಲು ತಟ್ಟಿ ಡಬ್ಬಿಗಳನ್ನು ಹುಡುಕಿದರು. ಫಾಳ್ಕೆಯವರ ಮನೆಯವರನ್ನು ಕಂಡು ಚೂರುಚೂರಾಗಿದ್ದ ಫಿಲಂಗಳನ್ನು ತಂದರು, ಜೋಡಿಸಿದರು. ‘ರಾಜಾ ಹರಿಶ್ಚಂದ್ರ’ದ ನಾಲ್ಕು ಸುರುಳಿಗಳಲ್ಲಿ ಮೊದಲನೆಯದು, ಕೊನೆಯದು ಉಳಿದವು. ಅವೂ 1917ರಲ್ಲಿ ಫಾಳ್ಕೆಯವರು ಮತ್ತೊಮ್ಮೆ ತೆಗೆದ ಚಿತ್ರದವು ಎನ್ನುವ ವಿದ್ವಾಂಸರಿದ್ದಾರೆ. 1919ರ ‘ಕಾಲಿಯಾ ಮರ್ದನ’ದ ದೊಡ್ಡ ಭಾಗವೇ ಸಿಕ್ಕಿತು. ಯಾರೋ ಒಬ್ಬರು ಮನೆಯಲ್ಲಿ ಡಬ್ಬಿಯನ್ನು ಎಸೆಯದೆ ಇಟ್ಟಿದ್ದರು, ಇನ್ನೊಬ್ಬರು ಬಂದು ಕೇಳಿದರು. ಆ ಲೇಖನವನ್ನು ಓದಿ ಮುಗಿಸಿ ಅಡುಗೆಮನೆಗೆ ಹೋಗಿ ಮುಚ್ಚಳವನ್ನು ನೋಡಿದೆ. ನಮ್ಮ ಮನೆಯಲ್ಲೂ ಡಬ್ಬಿ ಇತ್ತು.

ಕಳೆದುಕೊಂಡದ್ದನ್ನು ತರಲು ಆಗದು. ಉಳಿದದ್ದನ್ನು ತೋರಿಸಬಹುದಲ್ಲ ಎಂದು ಅನಿಸಿತು. ‘ಕಾಲಿಯಾ ಮರ್ದನ’ವನ್ನು ಈಗ ಮೊಬೈಲಿನಲ್ಲೂ ನೋಡಬಹುದು. ನನ್ನ ಹಳೆಯ ಶಿಷ್ಯನೊಬ್ಬ ಲಕ್ಷ್ಮೇಶ್ವರದಲ್ಲಿ ಮಾಸ್ತರ. ಅವನ ಶಾಲೆಯಲ್ಲಿ ಗೋಡೆಗೆ ಬಿಳಿ ಧೋತರ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಮೊದಲ ಪ್ರದರ್ಶನ ಮಾಡಿದೆವು.

ಪೂರಾ ಫಜೀತಿ. ಎರಡು ನಿಮಿಷಕ್ಕೆ ಹಿಂದಿನ ಸಾಲಿನಿಂದ ಕೂಗು: “ಸರ್ರೀ, ಸೌಂಡ್ ಬರವಲ್ತು!” ಮಾತಿಲ್ಲದ ಸಿನಿಮಾ ಎಂದು ಮೊದಲೇ ಹೇಳಿದ್ದೆ. ಆದರೂ ಯಾರೂ ನಂಬಲಿಲ್ಲ. ಪರದೆಯ ಮೇಲೆ ಯಶೋದೆ, ಗೋಪರು ಎಲ್ಲರೂ ಇರುವೆಗಳ ಹಾಗೆ ಪಟಪಟ ಓಡಾಡುತ್ತಿದ್ದರು. ಮಕ್ಕಳು ನಕ್ಕರು, ಆಮೇಲೆ ಗದ್ದಲ ಮಾಡಿದರು, ಆಮೇಲೆ ಗಂಟೆ ಬಾರಿಸಿತು.

ನಾನು ಗಣಿತ ಕಲಿಸಿದವನು. ರಾತ್ರಿ ಕೂತು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ. ಒಂದು ಅಡಿ ಫಿಲಂನಲ್ಲಿ 16 ಚಿತ್ರಗಳಿರುತ್ತವೆ. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ ಸುಮಾರು 16 ಚಿತ್ರ. ಅಂದರೆ ಸೆಕೆಂಡಿಗೆ ಒಂದು ಅಡಿ. ‘ರಾಜಾ ಹರಿಶ್ಚಂದ್ರ’ದ ಉದ್ದ 3700 ಅಡಿ. ಆ ವೇಗದಲ್ಲಿ ಓಡಿಸಿದರೆ 3700 ಸೆಕೆಂಡು, ಒಂದು ತಾಸಿನ ಮೇಲೆ ಎರಡು ನಿಮಿಷ ಬರಬೇಕು. ಮಾತಿನ ಸಿನಿಮಾ ಬಂದ ಮೇಲೆ ವೇಗ ಸೆಕೆಂಡಿಗೆ 24 ಚಿತ್ರವಾಯಿತು. ಆ ವೇಗದಲ್ಲಿ ಓಡಿಸಿದರೆ ಅದೇ ಚಿತ್ರ 41 ನಿಮಿಷಕ್ಕೇ ಮುಗಿದುಬಿಡುತ್ತದೆ. ಮನುಷ್ಯರು ಓಡುತ್ತಾರೆ, ಅಳುವವರೂ ನಗೆ ತರಿಸುತ್ತಾರೆ. ತಪ್ಪು ಫಾಳ್ಕೆಯವರದಲ್ಲ, ಓಡಿಸಿದ ನಮ್ಮದು. ಶಿಷ್ಯ ಮೊಬೈಲಿನಲ್ಲಿ ವೇಗವನ್ನು ಮುಕ್ಕಾಲಿಗೆ ಇಳಿಸಿದ. ಯಶೋದೆ ಯಶೋದೆಯ ಹಾಗೆ ನಡೆಯತೊಡಗಿದಳು.

ಇನ್ನೊಂದು ಕೊರತೆ ಪೇಟಿಯದು. ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆ ಗೊತ್ತು. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿ ದಾರಿ ತೋರಿಸಿದ ಜಾಗ. ಅಲ್ಲಿ ಕಲಿತ ಹಾರ್ಮೋನಿಯಂ ವಾದಕರೊಬ್ಬರು ನನಗೆ ಪರಿಚಯ. ಸಂಕೋಚದಿಂದಲೇ ಕೇಳಿದೆ. ಅವರು ನಕ್ಕು, “ಕಣ್ಣು ಇಲ್ದಾವಂಗ ಸಿನಿಮಾಕ್ಕ ಬಾರಸಂತೀರಲ್ರೀ ಮಾಸ್ತರ!” ಅಂದರು. ಸ್ವಲ್ಪ ತಡೆದು, “ಒಂದು ಚುರುಕ ಹುಡುಗಿನ್ನ ಬಾಜೂಕ ಕುಂದ್ರಸ್ರಿ, ನೋಡೂಣು” ಅಂದರು.

ಮುಂಡರಗಿಯ ಶಾಲೆಯಲ್ಲಿ ಎರಡನೆಯ ಪ್ರದರ್ಶನ. ಸಂಜೆ ಹೊತ್ತು. ಮಕ್ಕಳು, ಮೊಮ್ಮಕ್ಕಳ ಬೆನ್ನು ಹತ್ತಿ ಬಂದ ಅಜ್ಜ ಅಜ್ಜಿಯರು. ಆರನೆಯ ಇಯತ್ತೆಯ ಒಬ್ಬ ಹುಡುಗಿ ಅವರ ಪಕ್ಕದಲ್ಲಿ ಕೂತಳು. ಚಿತ್ರ ಶುರುವಾಗುವುದು ಒಂದು ಪುಟ್ಟ ಮುಖದಿಂದ. ಫಾಳ್ಕೆಯವರ ಮಗಳು ಮಂದಾಕಿನಿ, ಆಗ ಏಳು ವರ್ಷ. ನಗು, ಸಿಟ್ಟು, ಅಳು, ಬೆರಗು ಒಂದೊಂದನ್ನೂ ಮುಖದಲ್ಲಿ ತೋರಿಸಿ, ಆಮೇಲೆ ಅವಳೇ ಕೃಷ್ಣನಾಗುತ್ತಾಳೆ. ಹುಡುಗಿ ಕಿವಿಯಲ್ಲಿ ಪಿಸುಗುಟ್ಟಿದಳು: “ಸಣ್ಣ ಹುಡುಗಿ ಅದಾಳ್ರೀ… ನಗಾಕತ್ತಾಳ… ಈಗ ಸಿಟ್ಟಿಗೆದ್ಲು…” ಬೆರಳುಗಳು ಮೆಲ್ಲಗೆ ಆಡತೊಡಗಿದವು. ಬೆಣ್ಣೆ ಕದಿಯುವಾಗ ಕಳ್ಳಹೆಜ್ಜೆಯ ಸ್ವರ. ಕೃಷ್ಣ ಯಮುನೆಗೆ ಹಾರುವ ಹೊತ್ತಿಗೆ ಹುಡುಗಿ ಪಿಸುಗುಟ್ಟುವುದನ್ನು ಮರೆತು ಎದ್ದು ನಿಂತು ಕೂಗಿದಳು: “ಜಿಗದಾ! ಜಿಗದಾರೀ!” ಅದೇ ಗಳಿಗೆಗೆ ಸ್ವರವೂ ಜಿಗಿಯಿತು.

ಯಾರೂ ನಗಲಿಲ್ಲ. ಸೌಂಡ್ ಬರವಲ್ತು ಎಂದು ಯಾರೂ ಕೂಗಲಿಲ್ಲ. ದಡದ ಮೇಲೆ ಯಶೋದೆ ಅಳುವಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗು ಕಣ್ಣಿಗೆ ಒತ್ತಿಕೊಂಡು, “ಬರ್ತಾನ ತಗೊ ಯವ್ವಾ, ಬರ್ತಾನ” ಎಂದು ಪರದೆಗೆ ಸಮಾಧಾನ ಹೇಳಿದರು. ಕೃಷ್ಣ ಹೆಡೆಯ ಮೇಲೆ ನಿಂತು ಬಂದಾಗ ಚಪ್ಪಾಳೆ. ನೂರು ವರ್ಷದ ಹಿಂದೆ ಮಂದಾಕಿನಿ ಆಡಿದ ಆಟಕ್ಕೆ ಮುಂಡರಗಿಯಲ್ಲಿ ಚಪ್ಪಾಳೆ ಬಿತ್ತು. ನಾನು ಹಿಂದೆ ಕತ್ತಲಲ್ಲಿ ನಿಂತಿದ್ದೆ. ಸುಟ್ಟ ಬೆರಳುಗಳು ಈಗಲೂ ಸ್ವಲ್ಪ ದೊರಗು. ಅವನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತಿದ್ದೆ.

ಆಟ ಮುಗಿದ ಮೇಲೆ ಮಕ್ಕಳಿಗೆ ಮುಚ್ಚಳ ತೋರಿಸುತ್ತೇನೆ. ಈಗ ಎಲ್ಲಿ ಹೋದರೂ ಅದನ್ನು ಚೀಲದಲ್ಲಿ ಒಯ್ಯುತ್ತೇನೆ, ಸೊಸೆ ಹಿಟ್ಟಿಗೆ ತಾಟು ಮುಚ್ಚಿಕೊಳ್ಳುತ್ತಾಳೆ. ಬೆಂಕಿಯ ಕಥೆಯನ್ನೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಇಂಥ ಡಬ್ಬಿ ಸಿಕ್ಕರೆ ನೀವು ತೆರೆಯಬೇಡಿ, ಬಿಸಿಲಿಗೂ ದೀಪಕ್ಕೂ ಹಿಡಿಯಬೇಡಿ, ಎಸೆಯಲೂ ಬೇಡಿ. ದೊಡ್ಡವರಿಗೆ ಹೇಳಿ ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ. ಡಬ್ಬಿ ಇಲ್ಲದಿದ್ದರೆ ಅಜ್ಜಿಯ ಮದುವೆಯ ಫೋಟೊ ಇದ್ದೇ ಇರುತ್ತದೆ. ಅದರ ಹಿಂದೆ ಯಾರು, ಯಾವ ಊರು, ಯಾವ ವರ್ಷ ಎಂದು ಪೆನ್ಸಿಲಿನಿಂದ ಬರೆಯಿಸಿಕೊಳ್ಳಿ. ನಾಳೆ ಕೇಳಿದರಾಯಿತು ಎಂದುಕೊಂಡವನು ನಾನು.

ಮುಂಡರಗಿಯಲ್ಲಿ ಎಲ್ಲರೂ ಹೋದ ಮೇಲೆ ಹಾರ್ಮೋನಿಯಂನವರು ಮುಚ್ಚಳ ಕೇಳಿ ಇಸಿದುಕೊಂಡರು. ಅಂಚಿನ ಗುಂಟ ಬೆರಳು ಆಡಿಸಿದರು, ಒಳಭಾಗ ಸವರಿದರು, ನಡುವೆ ಒಂದು ಕಡೆ ನಿಲ್ಲಿಸಿದರು.

“ಮಾಸ್ತರ, ಇಲ್ಲಿ ಮೊಳಿಲೆ ಏನೋ ಗೀರ್ಯಾರ. ನೋಡೀರೇನು?”

ಅರವತ್ತು ವರ್ಷ ನೋಡಿದ್ದೆ, ಕಂಡಿರಲಿಲ್ಲ. ಹಿಟ್ಟಿನ ಜಿಡ್ಡನ್ನು ಒರೆಸಿ ಬ್ಯಾಟರಿ ಬೆಳಕಿಗೆ ಹಿಡಿದೆ. ತುಕ್ಕಿನ ನಡುವೆ ಸಣ್ಣ ಅಕ್ಷರಗಳು, ಅಜ್ಜನ ಕೈಬರಹ. ಚಿತ್ರದ ಹೆಸರಲ್ಲ. ‘ಸಾ ರಿ ಗ’ ಎಂದು ಶುರುವಾಗುವ ಒಂದೂವರೆ ಸಾಲು ಸ್ವರ, ಕೊನೆಗೆ ‘ಬಂಡಿ ಬಂದಾಗ’ ಎಂದು.

ನಾನು ಓದಿ ಹೇಳಿದೆ. ಅವರು ಪೇಟಿಯ ಬಾತೆ ಮತ್ತೆ ಎಳೆದು, ಖಾಲಿ ಕೋಣೆಯಲ್ಲಿ, ಆ ಒಂದೂವರೆ ಸಾಲನ್ನು ನುಡಿಸಿದರು. ಎರಡು ಸಲ ನುಡಿಸಿದರು.